ಗುಲಾಬಿ ಕೊಟ್ಟಾಯಿತು, ಇನ್ನು ಎಂತ? ಕೆಲಸದ ಜಾಗದಲ್ಲಿ ಎಲ್ಲರಿಗೂ ಜಾಗ ಮಾಡುವ ಕರಾವಳಿ ಮಾರ್ಗದರ್ಶಿ

ಒಂದು ಮಾರ್ಚ್ 8ಕ್ಕೆ, ಮಹಿಳಾ ದಿನಕ್ಕೆ, ನಮ್ಮ ಆಫೀಸಿನಲ್ಲಿ ಕೇಕ್ ಕತ್ತರಿಸಿದೆವು. ಹೆಣ್ಣುಮಕ್ಕಳಿಗೆಲ್ಲ ಒಂದೊಂದು ಗುಲಾಬಿ, ಆಮೇಲೆ ಗ್ರೂಪ್ ಫೋಟೊ. ಫೋಟೊ ತೆಗೆಯುವಾಗ ಕಸ ಗುಡಿಸುವ ಅಕ್ಕ ಹಿಡಿಸೂಡಿ ಹಿಡಿದು ಬಾಗಿಲ ಹತ್ತಿರ ನಿಂತಿದ್ದರು, ಕೇಕಿನ ಚೂರು ಬಿದ್ದ ನೆಲ ಗುಡಿಸಬೇಕಲ್ಲ. ಅವರನ್ನು ಯಾರೂ ಕರೆಯಲಿಲ್ಲ. ಕರೆಯಬಾರದು ಅಂತ ಯಾರೂ ತೀರ್ಮಾನ ಮಾಡಿದ್ದಲ್ಲ. ಅವರು ಕಾಂಟ್ರ್ಯಾಕ್ಟಿನಲ್ಲಿ ಬರುವವರು, ನಮ್ಮ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ, ಅಷ್ಟೇ. ಗುಲಾಬಿ ತಂದದ್ದು ನಾನೇ. ಪಟ್ಟಿ ನೋಡಿ ಎಣಿಸಿ ತಂದದ್ದು.

ನಾನು ಮಂಗಳೂರಿನಲ್ಲಿ ಹತ್ತು ವರ್ಷದಿಂದ ಎಚ್‌ಆರ್ ಕೆಲಸ ಮಾಡುತ್ತಿದ್ದೇನೆ. ಮೊದಲು ಬೈಕಂಪಾಡಿ ಕಡೆ ಒಂದು ಕಾರ್ಖಾನೆ, ಈಗ ಸಿಟಿಯೊಳಗೆ ಒಂದು ಮಧ್ಯಮ ಗಾತ್ರದ ಆಫೀಸು. ಸಮಾನತೆ, ವೈವಿಧ್ಯ, ಒಳಗೊಳ್ಳುವಿಕೆ ಅಂತ ಪಿಪಿಟಿಗಳನ್ನು ಎಷ್ಟೋ ನೋಡಿದ್ದೇನೆ, ಒಂದೆರಡು ನಾನೇ ಮಾಡಿಯೂ ಇದ್ದೇನೆ. ಅದರಲ್ಲಿರುವ ಉದಾಹರಣೆಗಳು ನಮ್ಮ ಊರಿನವಲ್ಲ. ನಮ್ಮಲ್ಲಿ ಭೇದ ಮಾಡುವುದು ಯಾವ ರೂಲ್ಸ್ ಪುಸ್ತಕದಲ್ಲೂ ಬರೆದಿರುವುದಿಲ್ಲ. ಅದು ಸರ್‌ನೇಮಿನಲ್ಲಿ ಉಂಟು, ಬುತ್ತಿಯಲ್ಲಿ ಉಂಟು, ಕೊನೆಯ ಬಸ್ಸಿನ ಟೈಮಿನಲ್ಲಿ ಉಂಟು. ಹಾಗಾಗಿ ಅಲ್ಲಿಂದಲೇ ಶುರು ಮಾಡಬೇಕು. ಹತ್ತು ಜನರ ಅಂಗಡಿ ನಡೆಸುವವರಿಗೂ ನೂರು ಜನರ ಕಂಪನಿಯಲ್ಲಿ ಒಂದು ಟೀಮ್ ನೋಡಿಕೊಳ್ಳುವವರಿಗೂ ಇದು ಉಪಯೋಗಕ್ಕೆ ಬರಬಹುದು. ಹೆಚ್ಚಿನ ಹೆಜ್ಜೆಗಳಿಗೆ ದುಡ್ಡು ಬೇಡ, ಸ್ವಲ್ಪ ಮುಜುಗರ ತಡೆದುಕೊಳ್ಳುವ ಶಕ್ತಿ ಬೇಕು.

ಹೆಜ್ಜೆ 1: ಒಂದು ಹಾಳೆ ತೆಗೆದುಕೊಂಡು ಎಣಿಸಿ

ಯಾರಿದ್ದಾರೆ ಅಂತ ಅಲ್ಲ, ಯಾರು ಎಲ್ಲಿದ್ದಾರೆ, ಯಾರು ಇಲ್ಲವೇ ಇಲ್ಲ ಅಂತ. ಹಾಳೆಯಲ್ಲಿ ಮೂರು ಸಾಲು ಎಳೆಯಿರಿ. ಮೇಲೆ ತೀರ್ಮಾನ ಮಾಡುವವರು, ನಡುವೆ ಟೀಮ್ ನಡೆಸುವವರು, ಕೆಳಗೆ ಉಳಿದವರು. ಸೆಕ್ಯೂರಿಟಿ ಅಣ್ಣ, ಗುಡಿಸುವ ಅಕ್ಕ, ಕ್ಯಾಂಟೀನಿನವರು, ಲೋಡಿಂಗಿನ ಹುಡುಗರು ಎಲ್ಲರೂ ಹಾಳೆಗೆ ಬರಬೇಕು, ಸಂಬಳ ಯಾರ ಕೈಯಿಂದ ಹೋದರೂ ಸರಿ.

ನಾನು ಮಾಡಿದಾಗ ಕೆಳಗಿನ ಸಾಲಿನಲ್ಲಿ ಅರ್ಧಕ್ಕರ್ಧ ಹೆಂಗಸರು, ನಡುವಿನ ಸಾಲಿನಲ್ಲಿ ಒಬ್ಬರು, ಮೇಲೆ ಸೊನ್ನೆ. ನನಗೆ ನಗು ಬಂತು, ಯಾಕೆಂದರೆ ನಮ್ಮದು ಅಳಿಯಕಟ್ಟಿನ ಊರು. ಇಲ್ಲಿ ಎಷ್ಟೋ ಮನೆತನಗಳಲ್ಲಿ ಕುಟುಂಬ ಎಣಿಸುವುದೇ ತಾಯಿಯ ಕಡೆಯಿಂದ. ಬೀಡಿ ಕಟ್ಟಿ ಮನೆ ನಡೆಸಿದವರು, ಗೇರುಬೀಜದ ಕಾರ್ಖಾನೆಯಲ್ಲಿ ಕೈ ಸುಟ್ಟುಕೊಂಡವರು, ದಕ್ಕೆಯಲ್ಲಿ ಮೀನು ಹರಾಜಿಗೆ ನಿಂತು ಬುಟ್ಟಿ ಹೊತ್ತು ಮಾರಿದವರು ಎಲ್ಲ ಹೆಂಗಸರೇ. ಹಣದ ವ್ಯವಹಾರ ಅವರಿಗೆ ಗೊತ್ತಿಲ್ಲ ಅಂತ ಯಾರಾದರೂ ಹೇಳಿದರೆ ಮಲ್ಪೆಯ ಮೀನುಗಾರಿಕಾ ಬಂದರಿಗೆ ಕರೆದುಕೊಂಡು ಹೋಗಿ ಒಂದು ಬೆಳಿಗ್ಗೆ ನಿಲ್ಲಿಸಬೇಕು. ಹಾಗಿದ್ದರೂ ಆಫೀಸಿಗೆ ಬಂದ ಕೂಡಲೇ ಮೇಲಿನ ಸಾಲು ಸೊನ್ನೆ.

ಎಣಿಸುವಾಗ ಒಂದು ಎಚ್ಚರಿಕೆ. ಜಾತಿ, ಧರ್ಮ, ಕಾಯಿಲೆ ಕೇಳುವ ಫಾರಂ ಹಂಚಬೇಡಿ. ಸಣ್ಣ ಆಫೀಸಿನಲ್ಲಿ ಹೆಸರಿಲ್ಲದ ಫಾರಂ ಕೂಡ ಯಾರದ್ದು ಅಂತ ಗೊತ್ತಾಗಿಬಿಡುತ್ತದೆ. ಅಂಗವೈಕಲ್ಯದ ವಿಷಯ ಅವರಾಗಿ ಹೇಳಿದರೆ ಮಾತ್ರ ಬರೆದುಕೊಳ್ಳಿ.

ಅದೇ ಹಾಳೆಯ ಹಿಂದೆ ಸಂಬಳ ಬರೆಯಿರಿ. ಒಂದೇ ಕೆಲಸ ಮಾಡುವ ಗಂಡಸು, ಹೆಂಗಸು, ಇಬ್ಬರದ್ದೂ. ವ್ಯತ್ಯಾಸ ಕಂಡರೆ ಕಾರಣ ಬರೆಯಲು ಪ್ರಯತ್ನ ಮಾಡಿ. ಅನುಭವ, ಶಿಫ್ಟು ಅಂತ ಕಾರಣ ಸಿಕ್ಕಿದರೆ ಸರಿ. 'ಅವನಿಗೆ ಸಂಸಾರ ಉಂಟು' ಅಂತ ಬಂದರೆ ಅದು ಕಾರಣ ಅಲ್ಲ. ಒಂದೇ ಬಗೆಯ ಕೆಲಸಕ್ಕೆ ಗಂಡು ಹೆಣ್ಣು ಅಂತ ಸಂಬಳದಲ್ಲಿ ಭೇದ ಮಾಡಬಾರದು ಅಂತ 1976ರಲ್ಲೇ ಕಾನೂನು ಬಂದಿದೆ, ಈಗ ಅದು 2019ರ ವೇತನ ಸಂಹಿತೆಯೊಳಗೆ ಸೇರಿದೆ. ಕೆಲಸಕ್ಕೆ ತೆಗೆದುಕೊಳ್ಳುವಾಗ ಭೇದ ಮಾಡುವುದೂ ತಪ್ಪೇ.

ಹೆಜ್ಜೆ 2: ಕೆಲಸಕ್ಕೆ ತೆಗೆದುಕೊಳ್ಳುವ ಬಾಗಿಲು

ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ. ಎಲ್ಲ ಇಲ್ಲೇ ತೀರ್ಮಾನ ಆಗುವುದು.

ಬೇರೆ ಊರಿನಲ್ಲಿ ಬಯೋಡೇಟಾದ ಮೇಲಿನ ಹೆಸರು ಬರೀ ಹೆಸರು. ನಮ್ಮಲ್ಲಿ ಅದು ಅರ್ಧ ಜಾತಕ. ಶೆಟ್ಟಿ, ಪೂಜಾರಿ, ಭಟ್, ಕಾಮತ್, ಡಿಸೋಜ, ಕುಂದರ್ ಅಂತ ಓದಿದ ಕೂಡಲೇ ನಮ್ಮ ತಲೆ ಉಳಿದದ್ದನ್ನು ತಾನೇ ತುಂಬಿಸಿಕೊಳ್ಳುತ್ತದೆ. ಸರ್‌ನೇಮ್ ಇಲ್ಲದಿದ್ದರೆ ಇನ್ನೊಂದು ದಾರಿ ಉಂಟು, 'ಮನೆ ಎಲ್ಲಿ?' ಅಂತ ಕೇಳುವುದು. ಊರು ಹೇಳಿದರೆ, 'ಹೌದಾ, ಅಲ್ಲಿ ಯಾರ ಮನೆ?' ಕೇಳುವವರಿಗೆ ಇದು ಪರಿಚಯದ ಮಾತು, ಪ್ರೀತಿಯೇ ಇರಬಹುದು. ಎದುರು ಕೂತ ಹುಡುಗನಿಗೆ ಅದು ಎಂತ ಪ್ರಶ್ನೆ ಅಂತ ಚೆನ್ನಾಗಿ ಗೊತ್ತಾಗುತ್ತದೆ. ಗೊತ್ತಾಗದವರ ಹಾಗೆ ಉತ್ತರ ಕೊಡುತ್ತಾನೆ, ಅಷ್ಟೇ.

ಮಾಡಬೇಕಾದದ್ದು ಹೀಗೆ. ಬಯೋಡೇಟಾ ಬಂದಾಗ ಒಬ್ಬರು ಹೆಸರು, ಫೋಟೊ, ತಂದೆಯ ಹೆಸರು, ವಿಳಾಸ ಮುಚ್ಚಿ ನಂಬರ್ ಹಾಕಿ ಕೊಡಲಿ. ಆರಿಸುವವರು ನಂಬರ್ ನೋಡಿಯೇ ಆರಿಸಲಿ. ಸಾಫ್ಟ್‌ವೇರ್ ಏನೂ ಬೇಡ, ನಾವು ಮೊದಲ ಸಲ ಬಿಳಿ ಹಾಳೆ ತುಂಡು ಮಾಡಿ ಅಂಟಿಸಿ ಜೆರಾಕ್ಸ್ ಮಾಡಿದ್ದು. ಇಂಟರ್ವ್ಯೂನಲ್ಲಿ ಎಲ್ಲರಿಗೂ ಒಂದೇ ಐದಾರು ಪ್ರಶ್ನೆ, ಒಂದೇ ಕ್ರಮದಲ್ಲಿ ಕೇಳಿ. ಇಬ್ಬರಿಗಿಂತ ಕಡಿಮೆ ಜನ ಕೂರಬೇಡಿ, ಅಭ್ಯರ್ಥಿ ಹೊರಗೆ ಹೋದ ಮೇಲೆ ಮಾತಾಡುವ ಮೊದಲು ಇಬ್ಬರೂ ಬೇರೆ ಬೇರೆ ಅಂಕ ಬರೆದಿಡಿ. ಮೊದಲು ಮಾತು ಶುರು ಮಾಡಿದರೆ ಸೀನಿಯರ್ ಏನು ಹೇಳುತ್ತಾರೋ ಅದೇ ಅಂಕ, ನಾನು ಎಷ್ಟು ಸಲ ನೋಡಿಲ್ಲ!

'ಮದುವೆ ಯಾವಾಗ', 'ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ' ಅಂತ ಹುಡುಗಿಯರನ್ನು ಕೇಳುವ ಅಭ್ಯಾಸ ಬಿಡಿ. ಹುಡುಗರ ಹತ್ತಿರ ಕೇಳುವುದಿಲ್ಲ ಅಲ್ವಾ. ಶಿಫ್ಟ್ ಬಗ್ಗೆ ತಿಳಿಯಬೇಕಿದ್ದರೆ ಶಿಫ್ಟ್ ಬಗ್ಗೆಯೇ ಕೇಳಿ, 'ತಿಂಗಳಿಗೆ ಒಂದು ವಾರ ರಾತ್ರಿ ಪಾಳಿ ಉಂಟು, ಆಗುತ್ತದಾ' ಅಂತ. ಎಲ್ಲರಿಗೂ ಕೇಳಿ.

ಆಮೇಲೆ ಜಾಹೀರಾತು ಎಲ್ಲಿ ಹಾಕುತ್ತೀರಿ ಅನ್ನುವುದು. ನಮ್ಮ ಹುದ್ದೆಗಳೆಲ್ಲ ಒಂದು ಕಾಲದಲ್ಲಿ ವಾಟ್ಸ್ಆ್ಯಪ್‌ನಲ್ಲೇ ತುಂಬುತ್ತಿದ್ದವು. ಮ್ಯಾನೇಜರ್ ತನ್ನ ಸಂಘದ ಗ್ರೂಪಿಗೆ, ಅಕೌಂಟೆಂಟ್ ತನ್ನ ಚರ್ಚಿನ ಗ್ರೂಪಿಗೆ ಹಾಕುವುದು. 'ನಮ್ಮವರೊಬ್ಬರು ಇದ್ದಾರೆ, ಒಳ್ಳೆಯ ಹುಡುಗ.' ಹುಡುಗ ಒಳ್ಳೆಯವನೇ ಇರುತ್ತಾನೆ, ಅದು ಪ್ರಶ್ನೆಯಲ್ಲ. ಆದರೆ ಯಾರ ಸಂಘದವರು ಒಬ್ಬರೂ ನಿಮ್ಮಲ್ಲಿ ಕೆಲಸಕ್ಕಿಲ್ಲವೋ ಅವರಿಗೆ ಕೆಲಸ ಖಾಲಿ ಇದೆ ಅಂತ ಗೊತ್ತಾಗುವುದು ಹೇಗೆ? ಸರ್ಕಾರಿ ಕಾಲೇಜುಗಳಿಗೆ, ಐಟಿಐಗಳಿಗೆ, ಸುಳ್ಯ, ಬೆಳ್ತಂಗಡಿ, ಬೈಂದೂರು ಕಡೆಯ ಹಾಸ್ಟೆಲುಗಳಿಗೆ ನೋಟಿಸ್ ಕಳಿಸಿ. 'ಇಂಗ್ಲಿಷ್ ಚೆನ್ನಾಗಿ ಬರಬೇಕು' ಅಂತ ಹಾಕುವ ಮೊದಲು ಆ ಕೆಲಸಕ್ಕೆ ನಿಜವಾಗಿ ಎಷ್ಟು ಇಂಗ್ಲಿಷ್ ಬೇಕು ನೋಡಿ. ಗೋಡೌನಿನ ಲೆಕ್ಕ ಇಡಲು ನಾವು ಸುಮ್ನೆ ಹಾಕಿದ್ದೆವು, ಹಳೇ ಜಾಹೀರಾತಿನಿಂದ ಕಾಪಿ ಮಾಡಿ.

ನಿಮ್ಮ ಹಾಳೆಯಲ್ಲಿ 'ಇಲ್ಲವೇ ಇಲ್ಲ' ಅನ್ನುವ ಜಾಗದಲ್ಲಿ ಹೆಚ್ಚಾಗಿ ನಮ್ಮ ಕರಾವಳಿಯ ಬುಡಕಟ್ಟು ಜನ ಕೊರಗರು ಇರುತ್ತಾರೆ. ಕೊರಗರನ್ನು ಅಶುದ್ಧರಂತೆ ನಡೆಸಿಕೊಳ್ಳುವ, ಉಗುರು ಕೂದಲು ಬೆರೆಸಿದ ಅನ್ನ ತಿನ್ನಿಸುವ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕ ಒಂದು ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು. ಅದು ಬಂದದ್ದು 2000ದಲ್ಲಿ. ನಾನಾಗ ಶಾಲೆಗೆ ಹೋಗುತ್ತಿದ್ದೆ, ಅಷ್ಟು ಹತ್ತಿರದ ಮಾತು. ಇನ್ನೊಂದು ಕಡೆ, ಕುದ್ಮುಲ್ ರಂಗರಾಯರು ಇದೇ ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದದ್ದು 1892ರಲ್ಲಿ. ಅದಕ್ಕೆ ಅವರ ಜಾತಿಯವರೇ ಅವರನ್ನು ದೂರ ಇಟ್ಟರು. ಟೌನ್‌ಹಾಲಿಗೆ ಅವರದ್ದೇ ಹೆಸರು. ನಮ್ಮ ಕಂಪನಿಯ ವಾರ್ಷಿಕೋತ್ಸವ ಕೂಡ ಒಮ್ಮೆ ಅಲ್ಲಿ ಆಗಿತ್ತು. ಆಮಂತ್ರಣದಲ್ಲಿ 'ಟೌನ್‌ಹಾಲ್' ಅಂತ ಮಾತ್ರ ಹಾಕಿದ್ದೆವು.

ಹೆಜ್ಜೆ 3: ಊಟದ ಕೋಣೆ

ಕರಾವಳಿಯ ಆಫೀಸಿನಲ್ಲಿ ನಿಜವಾದ ಪರೀಕ್ಷೆ ಮಧ್ಯಾಹ್ನ ಒಂದೂವರೆಗೆ. ಯಾರಾದರೂ ಬಂಗುಡೆ ಸಾರು ಓವನ್‌ನಲ್ಲಿ ಬಿಸಿ ಮಾಡುತ್ತಾರೆ, ಯಾರೋ ಮೂಗು ಮುಚ್ಚುತ್ತಾರೆ, ಮರುದಿನ ಗೋಡೆಯಲ್ಲಿ ಒಂದು ನೋಟಿಸ್: 'ದಯವಿಟ್ಟು ಮಾಂಸಾಹಾರ ತರಬೇಡಿ.' ಸಹಿ ಇಲ್ಲ.

ಆ ನೋಟಿಸ್ ಕಿತ್ತು ಹಾಕಿ, ಆದರೆ ಮೂಗು ಮುಚ್ಚಿದವರನ್ನು ಬೈಯಬೇಡಿ. ಮೀನಿನ ವಾಸನೆ ನಿಜವಾಗಿಯೂ ಕೆಲವರಿಗೆ ಆಗುವುದಿಲ್ಲ. ನಾನು ಕಲಿತದ್ದು ಇಷ್ಟು, ವಾಸನೆಯನ್ನು ಬೇರೆ ಮಾಡಿ, ಮನುಷ್ಯರನ್ನು ಬೇರೆ ಮಾಡಬೇಡಿ. ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿ, ಓವನ್ ಕಿಟಕಿಯ ಹತ್ತಿರ ಇಡಿ, ಮುಚ್ಚಳ ಹಾಕಿ ಬಿಸಿ ಮಾಡಲಿ. ಎರಡನೇ ಓವನ್ ತರುವಷ್ಟು ಅನುಕೂಲ ಇದ್ದರೆ ಒಂದನ್ನು ಸಸ್ಯಾಹಾರಕ್ಕೆ ಇಟ್ಟುಕೊಳ್ಳಿ, ತಪ್ಪಿಲ್ಲ. ಆದರೆ ಮೇಜು ಬೇರೆ ಬೇಡ. ಮೇಜು ಬೇರೆ ಮಾಡಿದ ವಾರದಲ್ಲೇ ಎರಡು ಗುಂಪು ಆಗುತ್ತದೆ, ತಿಂಗಳಲ್ಲಿ ಎರಡು ವಾಟ್ಸ್ಆ್ಯಪ್ ಗ್ರೂಪ್ ಆಗುತ್ತದೆ, ಆಮೇಲೆ ಟೀಮ್ ಲೀಡ್ ಯಾವ ಮೇಜಿನವರೋ ಆ ಮೇಜಿನವರಿಗೆ ಸುದ್ದಿ ಮೊದಲು ಸಿಗುತ್ತದೆ.

ಪಾರ್ಟಿ ಇಟ್ಟುಕೊಂಡರೆ ಮೊದಲೇ ಕೇಳಿ. ಮುಸ್ಲಿಂ ಸಹೋದ್ಯೋಗಿಗಳಿಗೆ ಹಲಾಲ್ ಬೇಕಾಗುತ್ತದೆ, ಒಬ್ಬರಿಗೆ ಏಕಾದಶಿ, ಒಬ್ಬರಿಗೆ ಸೋಮವಾರ ನಾನ್‌ವೆಜ್ ಆಗುವುದಿಲ್ಲ. ಸೆಪ್ಟೆಂಬರ್ 8ರ ಮೊಂತಿ ಫೆಸ್ಟಿಗೆ, ಅಂದರೆ ಮೇರಿ ಮಾತೆಯ ಹುಟ್ಟುಹಬ್ಬಕ್ಕೆ, ಕ್ರೈಸ್ತರ ಮನೆಯಲ್ಲಿ ಸಸ್ಯಾಹಾರದ ಊಟ ಅಂತ ನನಗೆ ಗೊತ್ತಾದದ್ದೇ ಇಲ್ಲಿ. ಆ ದಿನ ನಾನು ಟೀಮಿಗೆ ಚಿಕನ್ ಬಿರಿಯಾನಿ ತರಿಸಿದ್ದೆ.

ಇನ್ನು ಲೋಟದ ವಿಷಯ. ನಾನು ಮೊದಲು ಕೆಲಸ ಮಾಡಿದ ಕಡೆ ಎಲ್ಲರಿಗೂ ಗಾಜಿನ ಲೋಟ, ಗುಡಿಸುವವರಿಗೆ ಮಾತ್ರ ಕಿಟಕಿಯ ದಂಡೆಯಲ್ಲಿ ಒಂದು ಪ್ಲಾಸ್ಟಿಕ್ ಕಪ್ ಇರುತ್ತಿತ್ತು. ಎರಡು ವರ್ಷ ಅದೇ ಕಿಟಕಿಯ ಪಕ್ಕ ನಿಂತು ಚಾ ಕುಡಿದಿದ್ದೇನೆ, ನನಗೆ ಕಾಣಲಿಲ್ಲ. ಹೊಸದಾಗಿ ಸೇರಿದ ಟ್ರೈನಿ ಹುಡುಗಿ ಒಂದು ದಿನ 'ಸರ್, ಆ ಕಪ್ ಯಾಕೆ ಬೇರೆ?' ಅಂತ ಕೇಳಿದಳು. ಉತ್ತರ ನನ್ನ ಹತ್ತಿರ ಇರಲಿಲ್ಲ, ಅಂದರೆ ಇತ್ತು, ಬಾಯಿಗೆ ಬರಲಿಲ್ಲ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ, 1955ರ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆ ಅದಕ್ಕೆ ಶಿಕ್ಷೆ ಇಟ್ಟಿದೆ, 1989ರ ದೌರ್ಜನ್ಯ ತಡೆ ಕಾಯ್ದೆ ಇನ್ನೂ ಗಟ್ಟಿ. ನಿಮ್ಮ ಪ್ಯಾಂಟ್ರಿಯಲ್ಲಿ ಇವತ್ತೇ ಲೋಟ ಎಣಿಸಿ.

ಹೆಜ್ಜೆ 4: ಮಾತು

ಒಂದು ಮೀಟಿಂಗಿನಲ್ಲಿ ಹತ್ತು ಜನ. ಎಂಟು ಜನಕ್ಕೆ ತುಳು ಬರುತ್ತದೆ. ಐದು ನಿಮಿಷದಲ್ಲಿ ಮಾತು ತುಳುವಿಗೆ ಹೊರಳುತ್ತದೆ, ನಗೆ ಬರುತ್ತದೆ, ತೀರ್ಮಾನವೂ ಆಗಿಬಿಡುತ್ತದೆ. ರಾಯಚೂರಿನ ಹುಡುಗ ಮತ್ತು ಜಾರ್ಖಂಡಿನವನು ನಕ್ಕವರನ್ನು ನೋಡಿ ನಗುತ್ತಾರೆ. ತುಳು, ಕೊಂಕಣಿ, ಬ್ಯಾರಿ ಮಾತಾಡಬೇಡಿ ಅಂತ ನಾನು ಹೇಳುವುದಿಲ್ಲ, ಆ ಭಾಷೆ ಇರುವುದಕ್ಕೇ ಆಫೀಸು ಆಫೀಸಿನ ಹಾಗೆ ಅನ್ನಿಸುವುದಿಲ್ಲ, ಅದು ಒಳ್ಳೆಯದು. ನಮ್ಮಲ್ಲಿ ಇರುವ ನಿಯಮ ಒಂದೇ. ಕೋಣೆಯಲ್ಲಿ ಒಬ್ಬರಿಗೆ ಅರ್ಥವಾಗದಿದ್ದರೂ ಕೆಲಸದ ಮಾತು ಎಲ್ಲರಿಗೂ ಬರುವ ಭಾಷೆಯಲ್ಲಿ. ಯಾರು ಬೇಕಾದರೂ ಕೈ ಎತ್ತಿ 'ಭಾಷೆ' ಅಂದರೆ ಸಾಕು, ಬದಲಾಯಿಸಬೇಕು. ಉತ್ತರ ಕರ್ನಾಟಕದವರ ಮಾತನ್ನು ಅಣಕಿಸಿ ತೋರಿಸುವುದು ತಮಾಷೆ ಅಂತ ನಾವು ಅಂದುಕೊಂಡಿದ್ದೇವೆ. ಅವರು ಊಟದ ಕೋಣೆಯಲ್ಲಿ ಬಾಯಿ ಬಿಡುವುದು ಕಡಿಮೆ ಯಾಕೆ ಅಂತ ಆಮೇಲೆ ನಾವೇ ಕೇಳುತ್ತೇವೆ.

ಸುರಕ್ಷತೆಯ ಬೋರ್ಡು ಕನ್ನಡದಲ್ಲೂ ಹಿಂದಿಯಲ್ಲೂ ಇರಲಿ. ಬೇಕಾದರೆ ಒಡಿಯಾ, ಬಂಗಾಳಿಯಲ್ಲೂ. ಓದು ಬರದವರಿಗೆ ಚಿತ್ರ ಇರಲಿ.

ಹೆಜ್ಜೆ 5: ರಜೆ

ರಾಜ್ಯದ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆಯಲ್ಲಿ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಖಾಯಂ. ಉಳಿದ ಐದು ಹಬ್ಬದ ರಜೆ ಯಾವುದು ಅಂತ ಆರಿಸಲು ಅವಕಾಶ ಉಂಟು. ಆ ಐದನ್ನು ಹೆಚ್ಚಿನ ಕಡೆ ಮಾಲೀಕರ ಮನೆಯ ಕ್ಯಾಲೆಂಡರ್ ನೋಡಿಯೇ ಆರಿಸುತ್ತಾರೆ. ಅದರ ಮೇಲೆ ಎರಡು ಮೂರು ರಜೆಯನ್ನು ಅವರವರ ಇಷ್ಟಕ್ಕೆ ಬಿಡಿ. ಒಬ್ಬರು ಬಕ್ರೀದಿಗೆ, ಒಬ್ಬರು ಮೊಂತಿ ಫೆಸ್ಟಿಗೆ, ಒಬ್ಬರು ಉಡುಪಿಯ ಕೃಷ್ಣಾಷ್ಟಮಿಯ ವಿಟ್ಲಪಿಂಡಿಗೆ ತೆಗೆದುಕೊಳ್ಳಲಿ.

ನಮ್ಮ ಹಳೇ ಬಾಸ್ ಒಬ್ಬರು ಇದ್ದರು, ಒಳ್ಳೆಯ ಮನುಷ್ಯ. ಯಾರಾದರೂ 'ಮನೆಯಲ್ಲಿ ನೇಮ' (ದೈವದ ಆರಾಧನೆ) ಅಂದರೆ ಎರಡು ದಿನ ರಜೆ, ಪ್ರಶ್ನೆಯೇ ಇಲ್ಲ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಒಂದು ಗಂಟೆ ಹೋಗಿ ಬರುತ್ತೇನೆ ಅಂದವನಿಗೆ ಮಾತ್ರ 'ನೋಡಿ, ಆಫೀಸಿನಲ್ಲಿ ಧರ್ಮ ತರಬಾರದು' ಅಂದರು. ಅವರಿಗೆ ನೇಮ ಧರ್ಮ ಅನ್ನಿಸಲಿಲ್ಲ, ಅದು ಮನೆಯ ವಿಷಯ ಅನ್ನಿಸಿತು. ನಿಮ್ಮ ತೀರ್ಮಾನಗಳಲ್ಲಿ ಇಂಥದ್ದು ಎಷ್ಟು ಉಂಟು ನೋಡಿಕೊಳ್ಳಿ. ರಂಜಾನ್ ತಿಂಗಳಲ್ಲಿ ಸಂಜೆ ಆರರ ಮೇಲೆ ಮೀಟಿಂಗ್ ಇಡಬೇಡಿ, ಅಷ್ಟು ಸಾಕು.

ಹೆಜ್ಜೆ 6: ಮೆಟ್ಟಿಲು, ಟಾಯ್ಲೆಟ್, ಬಸ್ಸು

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಉಂಟು. ಗಾಲಿಕುರ್ಚಿ ಮಾತ್ರ ಅಲ್ಲ, ಕಡಿಮೆ ದೃಷ್ಟಿ, ಕಿವಿ ಕೇಳದಿರುವುದು, ಕಲಿಕೆಯ ತೊಂದರೆ, ಮಾನಸಿಕ ಕಾಯಿಲೆ ಕೂಡ ಸೇರುತ್ತದೆ. ಪ್ರತಿಯೊಂದು ಸಂಸ್ಥೆಯೂ ಸಮಾನ ಅವಕಾಶದ ನೀತಿ ಬರೆದು ಪ್ರಕಟಿಸಬೇಕು. 20 ಅಥವಾ ಹೆಚ್ಚು ಜನ ಇರುವ ಖಾಸಗಿ ಸಂಸ್ಥೆಯಾದರೆ ಅದರಲ್ಲಿ ಯಾವ ಹುದ್ದೆ ಹೊಂದುತ್ತದೆ, ಎಂತ ಸೌಲಭ್ಯ ಉಂಟು, ಯಾರನ್ನು ಕೇಳಬೇಕು ಅಂತೆಲ್ಲ ಇರಬೇಕು. ಎರಡು ಪುಟದಲ್ಲಿ ಮುಗಿಯುತ್ತದೆ.

ರ‍್ಯಾಂಪ್ ಬಗ್ಗೆ ಒಂದು ಮಾತು. ಎತ್ತರ ಒಂದು ಅಡಿ ಇದ್ದರೆ ಉದ್ದ ಹನ್ನೆರಡು ಅಡಿ ಬೇಕು. ಅದಕ್ಕಿಂತ ಕಡಿದಾದರೆ ಅದು ಬೈಕ್ ಹತ್ತಿಸಲು ಮಾತ್ರ ಆಗುತ್ತದೆ. ನಯವಾದ ಗ್ರಾನೈಟ್ ಹಾಕಬೇಡಿ. ನಮ್ಮ ಮಳೆಗೆ ಜುಲೈ ಬರುವಾಗ ಪಾಚಿ ಹಿಡಿದಿರುತ್ತದೆ, ಕಾಲು ಸರಿ ಇರುವವರೇ ಜಾರುತ್ತಾರೆ. ಒರಟು ಕಾಂಕ್ರೀಟು, ಪಕ್ಕದಲ್ಲಿ ಹಿಡಿಕೆ, ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜುವುದು. ಕಣ್ಣು ಕಾಣದವರಿಗೆ ಕಂಪ್ಯೂಟರ್ ಓದಿ ಹೇಳುವ ಎನ್‌ವಿಡಿಎ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ.

ಹೆಂಗಸರ ಟಾಯ್ಲೆಟ್‌ನಲ್ಲಿ ಚಿಲಕ, ನೀರು, ಮುಚ್ಚಳ ಇರುವ ಡಬ್ಬಿ ಉಂಟಾ ಅಂತ ಅವರನ್ನೇ ಕೇಳಿ, ಗಂಡಸರು ಹೋಗಿ ನೋಡಿ ಬಂದು ಸರ್ಟಿಫಿಕೇಟ್ ಕೊಡುವುದು ಬೇಡ. ಹೆರಿಗೆ ರಜೆ 2017ರ ತಿದ್ದುಪಡಿಯಿಂದ 26 ವಾರ. 50 ಅಥವಾ ಹೆಚ್ಚು ಜನ ಇದ್ದರೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಬರಬಹುದು. ಮುಟ್ಟಿನ ರಜೆಯ ನೀತಿಗೆ ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟಿದೆ, ತಿಂಗಳಿಗೊಂದು ದಿನ, ವರ್ಷಕ್ಕೆ 12, ಸಂಬಳ ಸಹಿತ. ಅದನ್ನು ಕೊಡುವಾಗ ಕಾರಣ ಗಟ್ಟಿಯಾಗಿ ಕೇಳಬೇಡಿ ಮಾರಾಯ್ರೆ, ರಿಜಿಸ್ಟರಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಬರೆಯಲೂ ಬೇಡಿ.

ಬಸ್ಸಿನ ಲೆಕ್ಕ ಜನ ಮರೆಯುತ್ತಾರೆ. 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪ್ರಯಾಣ ಉಚಿತ. ಆದರೆ ಮಂಗಳೂರು, ಉಡುಪಿಯಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಒಳ ಊರುಗಳಿಗೆ ಸಂಜೆ ಮೇಲೆ ಅದೂ ಕಡಿಮೆ. ಏಳೂವರೆಗೆ ಕೆಲಸ ಮುಗಿಸಿ ಎಂಟಕ್ಕೆ ಕೊನೆಯ ಬಸ್ ಹಿಡಿಯಬೇಕಾದ ಹುಡುಗಿ 'ಟೀಮ್ ಜೊತೆ ಸೇರುವುದಿಲ್ಲ' ಅಂತ ಅಪ್ರೈಸಲ್‌ನಲ್ಲಿ ಬರೆಸಿಕೊಂಡದ್ದನ್ನು ನಾನು ನೋಡಿದ್ದೇನೆ. ಎಲ್ಲರ ಕೊನೆಯ ಬಸ್ಸಿನ ಟೈಮ್ ಬರೆದಿಟ್ಟುಕೊಳ್ಳಿ, ಮೀಟಿಂಗ್ ಅದಕ್ಕೆ ಸರಿಯಾಗಿ ಇಡಿ. ರಾತ್ರಿ ಪಾಳಿಗೆ ಹೆಂಗಸರನ್ನು ಹಾಕುವುದಾದರೆ ಅವರ ಒಪ್ಪಿಗೆ, ಭದ್ರತೆ, ಮನೆ ತನಕ ಗಾಡಿ ಬೇಕೇ ಬೇಕು.

ಹೆಜ್ಜೆ 7: ಆಂತರಿಕ ಸಮಿತಿ, ಬರೀ ಬೋರ್ಡಿನಲ್ಲಿ ಅಲ್ಲ

10 ಅಥವಾ ಹೆಚ್ಚು ಜನ ಇರುವ ಯಾವುದೇ ಜಾಗದಲ್ಲಿ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಬೇಕು. ಇದು 2013ರ ಕಾನೂನು. ಆಸ್ಪತ್ರೆ, ಶಾಲೆ, ಹೋಟೆಲು, ಬಟ್ಟೆ ಅಂಗಡಿ ಎಲ್ಲದಕ್ಕೂ ಅನ್ವಯ. ಅಧ್ಯಕ್ಷರು ಅಲ್ಲಿನ ಹಿರಿಯ ಮಹಿಳಾ ಉದ್ಯೋಗಿ, ಸಿಬ್ಬಂದಿಯಿಂದ ಕನಿಷ್ಠ ಇಬ್ಬರು, ಹೊರಗಿನವರು ಒಬ್ಬರು. ಒಟ್ಟಿನಲ್ಲಿ ಅರ್ಧಕ್ಕಿಂತ ಕಡಿಮೆ ಹೆಂಗಸರು ಇರಬಾರದು. ಸಮಿತಿ ಮಾಡದಿದ್ದರೆ 50,000 ರೂಪಾಯಿ ತನಕ ದಂಡ. ಕಾಂಟ್ರ್ಯಾಕ್ಟಿನವರು, ಟ್ರೈನಿಗಳು, ಸುಮ್ನೆ ಬಂದು ಹೋಗುವವರು ಕೂಡ ದೂರು ಕೊಡಬಹುದು. 10ಕ್ಕಿಂತ ಕಡಿಮೆ ಜನ ಇದ್ದರೆ, ಅಥವಾ ದೂರು ಮಾಲೀಕನ ಮೇಲೆಯೇ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಮನೆಗೆಲಸದವರಿಗೂ ಅದೇ.

ದೂರು ಮೂರು ತಿಂಗಳೊಳಗೆ ಬರಹದಲ್ಲಿ. ಬರೆಯಲು ಆಗದಿದ್ದರೆ ಸಮಿತಿಯವರು ಸಹಾಯ ಮಾಡಬೇಕು. ಕಾರಣ ಇದ್ದರೆ ಇನ್ನೂ ಮೂರು ತಿಂಗಳು ಸಿಗುತ್ತದೆ. ವಿಚಾರಣೆ 90 ದಿನದಲ್ಲಿ ಮುಗಿಯಬೇಕು, 10 ದಿನದಲ್ಲಿ ವರದಿ, 60 ದಿನದಲ್ಲಿ ಕ್ರಮ. ವಿಚಾರಣೆ ನಡೆಯುವಾಗ ಆಕೆ ಕೇಳಿಕೊಂಡರೆ ಇಬ್ಬರಲ್ಲಿ ಒಬ್ಬರನ್ನು ಬೇರೆ ಕಡೆ ಹಾಕಬಹುದು, ಆಕೆಗೆ ಮೂರು ತಿಂಗಳ ತನಕ ರಜೆಯನ್ನೂ ಕೊಡಬಹುದು. ರಾಜಿ ಮಾಡುವುದಿದ್ದರೆ ಆಕೆಯೇ ಕೇಳಿರಬೇಕು, ದುಡ್ಡು ಕೊಟ್ಟು ರಾಜಿ ಮಾಡುವಂತಿಲ್ಲ.

ಇದೆಲ್ಲ ಪುಸ್ತಕದಲ್ಲಿ ಇರುವುದು. ನಮ್ಮ ಊರಿನ ಕಷ್ಟ ಬೇರೆ. ಇಲ್ಲಿ ಎಲ್ಲರಿಗೂ ಎಲ್ಲರ ಪರಿಚಯ. ನಾನು ಮೊದಲಿದ್ದ ಒಂದು ಕಡೆ ಒಬ್ಬರು ಹುಡುಗಿ ದೂರು ಕೊಟ್ಟರು. ಮೂರನೇ ದಿನ ಆ ವಿಷಯ ಆಕೆಯ ದೊಡ್ಡಮ್ಮನಿಗೆ ಒಂದು ಮದುವೆ ಮನೆಯಲ್ಲಿ ಗೊತ್ತಾಯಿತು. ಹಿರಿಯರೊಬ್ಬರು ಆಕೆಯನ್ನು ಕರೆದು, 'ನೋಡಮ್ಮ, ಅವರಿಗೂ ಮಕ್ಕಳು ಉಂಟು, ನಿನಗೂ ನಾಳೆ ಮದುವೆ ಆಗಬೇಕು' ಅಂದರು. ಆಕೆ ತಿಂಗಳೊಳಗೆ ಕೆಲಸ ಬಿಟ್ಟರು. ದೂರು ಯಾರ ಮೇಲಿತ್ತೋ ಅವರಿಗೆ ಮರುವರ್ಷ ಪ್ರಮೋಷನ್ ಆಯಿತು. ನಾನಾಗ ಜೂನಿಯರ್, ಸುಮ್ಮನಿದ್ದೆ.

ಹಾಗಾಗಿ ನನ್ನ ಸಲಹೆ. ಹೊರಗಿನ ಸದಸ್ಯರು ನಿಮ್ಮ ಮಾಲೀಕರ ಗೆಳೆಯರಾಗಿರಬಾರದು, ನಿಮ್ಮ ಆಡಿಟರ್ ಹೆಂಡತಿಯೂ ಬೇಡ. ಮಂಗಳೂರಿನವರಿಗೆ ಉಡುಪಿಯವರು, ಉಡುಪಿಯವರಿಗೆ ಮಂಗಳೂರಿನವರು, ಹೀಗೆ ಸ್ವಲ್ಪ ದೂರದಿಂದ ಕರೆಯಿರಿ. ಸಮಿತಿಯ ಹೆಸರು, ಫೋನ್ ನಂಬರ್ ಟಾಯ್ಲೆಟ್ ಬಾಗಿಲಿನ ಒಳಗಡೆ ಅಂಟಿಸಿ. ರಿಸೆಪ್ಷನ್‌ನಲ್ಲಿ ಹಾಕಿದರೆ ಅದರ ಎದುರು ನಿಂತು ನಂಬರ್ ಬರೆದುಕೊಳ್ಳುವ ಧೈರ್ಯ ಯಾರಿಗೂ ಇರುವುದಿಲ್ಲ. ವಿಚಾರಣೆಯನ್ನು ಆಫೀಸಿನ ಗಾಜಿನ ಕೋಣೆಯಲ್ಲಿ ಮಾಡಬೇಡಿ. ದೂರಿನ ವಿವರ ಹೊರಗೆ ಹೇಳುವುದು ಕೂಡ ಕಾನೂನಿನಲ್ಲಿ ತಪ್ಪು, ಅದನ್ನು ಸಮಿತಿಯವರಿಗೆ ಮೊದಲ ದಿನವೇ ಓದಿ ಹೇಳಿ. ಕಾನೂನಿನ ಸಹಾಯ ಬೇಕಾದವರಿಗೆ 15100, ತುರ್ತು ಇದ್ದರೆ 112, ಮಹಿಳಾ ಸಹಾಯವಾಣಿ 181.

ಹೆಜ್ಜೆ 8: ಲಿಂಗತ್ವ ಅಲ್ಪಸಂಖ್ಯಾತರು

2014ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಟ್ರಾನ್ಸ್‌ಜೆಂಡರ್ ಜನರ ಗುರುತನ್ನು ಒಪ್ಪಿತು, 2019ರಲ್ಲಿ ಕಾಯ್ದೆ ಬಂತು, 2021ರಲ್ಲಿ ಕರ್ನಾಟಕ ಸರ್ಕಾರಿ ಕೆಲಸದಲ್ಲಿ ಶೇ 1 ಮೀಸಲಾತಿ ಕೊಟ್ಟಿತು. ಪ್ರತಿ ಸಂಸ್ಥೆಯಲ್ಲಿ ದೂರು ಕೇಳಲು ಒಬ್ಬ ಅಧಿಕಾರಿ ಇರಬೇಕು ಅಂತಲೂ 2019ರ ಕಾಯ್ದೆ ಹೇಳುತ್ತದೆ. ಆಫೀಸಿನಲ್ಲಿ ನೀವು ಮಾಡಬೇಕಾದದ್ದು ಸಣ್ಣದು. ಅವರು ಹೇಳಿದ ಹೆಸರಿನಿಂದ ಕರೆಯಿರಿ, ಐಡಿ ಕಾರ್ಡಿನಲ್ಲೂ ಅದೇ ಹಾಕಿ. ಯಾವ ಟಾಯ್ಲೆಟ್ ಅಂತ ಅವರನ್ನೇ ಕೇಳಿ. ಆಪರೇಷನ್ ಆಗಿದೆಯಾ ಅಂತ ಕೇಳುವ ಹಕ್ಕು ಯಾರಿಗೂ ಇಲ್ಲ.

ಹೆಜ್ಜೆ 9: ಮೀಟಿಂಗಿನಲ್ಲಿ ಯಾರ ದನಿ

ಒಂದು ತಿಂಗಳು ಸುಮ್ನೆ ನೋಡಿ. ಚಾ ಹೇಳಲು ಎದ್ದು ಹೋಗುವವರು ಯಾರು, ನೋಟ್ಸ್ ಬರೆಯುವವರು ಯಾರು, ಮಾತಿನ ನಡುವೆ ತಡೆಯಲ್ಪಡುವವರು ಯಾರು. ನೋಟ್ಸ್ ಸರದಿಯಲ್ಲಿ ಬರೆಯಿರಿ. 'ಅದನ್ನು ಆಗ ಅವರೇ ಹೇಳಿದ್ದು' ಅಂತ ಒಬ್ಬರಾದರೂ ಹೇಳುವ ಅಭ್ಯಾಸ ಆಗಲಿ. ಉಪ್ಪಿನ ಸತ್ಯಾಗ್ರಹದಲ್ಲಿ ಹೆಂಗಸರೂ ಬರಬೇಕು ಅಂತ ಗಾಂಧೀಜಿಯವರ ಹತ್ತಿರವೇ ವಾದ ಮಾಡಿದ ಕಮಲಾದೇವಿ ಚಟ್ಟೋಪಾಧ್ಯಾಯ ಹುಟ್ಟಿದ್ದು ಇದೇ ಮಂಗಳೂರಿನಲ್ಲಿ, 1903ರಲ್ಲಿ. ಅವರು ನಮ್ಮ ಸೋಮವಾರದ ಮೀಟಿಂಗಿಗೆ ಬಂದರೆ ನೋಟ್ಸ್ ಬರೆಯಲು ಕೂರಿಸುತ್ತಿದ್ದೆವೋ ಏನೋ.

ಹೆಜ್ಜೆ 10: ಗೇಟಿನ ಹೊರಗೆ

ಇದು ಎಲ್ಲರೂ ಬಿಟ್ಟು ಬಿಡುವ ಭಾಗ. ಬೇರೆ ಬೇರೆ ಧರ್ಮದ ಹುಡುಗ ಹುಡುಗಿ ಒಟ್ಟಿಗೆ ಹೋಗುತ್ತಿದ್ದರೆ ದಾರಿಯಲ್ಲಿ ತಡೆದು ಹೆಸರು ಕೇಳುವುದು, ಹೊಡೆಯುವುದು ನಮ್ಮ ಜಿಲ್ಲೆಗಳಲ್ಲಿ ನಡೆದಿದೆ, ಮುಚ್ಚಿಟ್ಟು ಪ್ರಯೋಜನ ಇಲ್ಲ. ಅದರ ಪರಿಣಾಮ ಆಫೀಸಿನೊಳಗೂ ಕಾಣುತ್ತದೆ. ಮಳೆಯಲ್ಲಿ ನಿಂತ ಸಹೋದ್ಯೋಗಿಗೆ 'ಬನ್ನಿ, ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡ್ ತನಕ ಬಿಡುತ್ತೇನೆ' ಅನ್ನಲು ಹುಡುಗರು ಹೆದರುತ್ತಾರೆ. ಕೆಲಸದ ಮೇಲೆ ಹೊರಗೆ ಹೋಗುವಾಗ ಇಬ್ಬರನ್ನು ಧರ್ಮ ನೋಡಿ ಜೋಡಿ ಮಾಡಬೇಡಿ. ಅದರ ಬದಲು ಕೈಯಲ್ಲಿ ಕೆಲಸದ ಮೇಲೆ ಹೋಗುತ್ತಿದ್ದಾರೆ ಅಂತ ಒಂದು ಪತ್ರ ಅಥವಾ ಮೆಸೇಜ್, ರಾತ್ರಿಯೂ ಎತ್ತುವ ಒಬ್ಬ ಮ್ಯಾನೇಜರ್ ನಂಬರ್ ಇರಲಿ. ತೊಂದರೆ ಆದರೆ 112ಕ್ಕೆ ಫೋನ್ ಮಾಡಬೇಕು, ಠಾಣೆಗೆ ಕಂಪನಿಯವರೂ ಜೊತೆಗೆ ಹೋಗಬೇಕು. 'ನೀವ್ಯಾಕೆ ಒಟ್ಟಿಗೆ ಹೋದದ್ದು' ಅಂತ ಆಫೀಸಿನವರೇ ಕೇಳಿದರೆ ಮುಗಿಯಿತು.

ಬಾಡಿಗೆ ಮನೆ ಇನ್ನೊಂದು. ಹೊಸದಾಗಿ ಸೇರಿದವರಿಗೆ ಮನೆ ಹುಡುಕಿ ಕೊಡುವಾಗ ಬ್ರೋಕರ್ 'ಯಾವ ಜನ? ವೆಜ್ಜಾ?' ಅಂತ ಕೇಳುತ್ತಾನೆ. ನಮ್ಮ ಕಂಪನಿಯವರು ಅಂತ ಮಾತ್ರ ಹೇಳಿ, ಬಾಡಿಗೆ ತಪ್ಪದೆ ಬರುತ್ತದೆ ಅಂತ ಹೇಳಿ, ಬೇಕಾದರೆ ಒಪ್ಪಂದಕ್ಕೆ ಕಂಪನಿಯೇ ಸಹಿ ಹಾಕಲಿ. ನಾವು ಹೀಗೆ ಮಾಡಿದ ಮೇಲೆ ಮೂರರಲ್ಲಿ ಒಂದು ಮನೆಯಾದರೂ ಸಿಗುತ್ತದೆ. ಪೂರ್ತಿ ಅಲ್ಲ. ನಿಮ್ಮ ಸ್ವಂತ ಫ್ಲ್ಯಾಟಿನ ಅಸೋಸಿಯೇಷನ್ ಮೀಟಿಂಗಿನಲ್ಲಿ 'ಕೆಲಸದವರು ಲಿಫ್ಟ್ ಬಳಸಬಾರದು' ಅಂತ ಯಾರಾದರೂ ತಂದರೆ ಆಗ ಬಾಯಿ ಬಿಡಿ. ಮೊದಲು ಮಾತಾಡುವುದು ಕಷ್ಟ. ನಾನು ಮಾತಾಡಿದ ದಿನ ಆಮೇಲೆ ನಾಲ್ಕು ಜನ ಹೌದು ಅಂದರು, ಅವರೂ ಯಾರಾದರೂ ಶುರು ಮಾಡಲಿ ಅಂತ ಕಾಯುತ್ತಿದ್ದರಂತೆ.

ಹೆಜ್ಜೆ 11: ವರ್ಷಕ್ಕೊಮ್ಮೆ ಅದೇ ಹಾಳೆ

ಹೆಜ್ಜೆ 1ರ ಹಾಳೆ ಬಿಸಾಡಬೇಡಿ. ಮುಂದಿನ ವರ್ಷ ಪಕ್ಕದಲ್ಲಿ ಇನ್ನೊಂದು ಬರೆದು ಎರಡನ್ನೂ ಇಟ್ಟು ನೋಡಿ. ಬಿಟ್ಟು ಹೋದವರ ಹೆಸರನ್ನೂ ಬರೆಯಿರಿ, ಆರು ತಿಂಗಳು ಕಳೆದ ಮೇಲೆ ಫೋನ್ ಮಾಡಿ ಕೇಳಿ, ಆಗ ನಿಜ ಹೇಳುತ್ತಾರೆ. ಇದನ್ನು ಮಾರ್ಚಿನಲ್ಲಿ ಮಾಡಬೇಡಿ, ಆಗ ವರ್ಷಾಂತ್ಯದ ಲೆಕ್ಕ, ಗುಲಾಬಿ, ಕೇಕ್ ಅಂತ ಯಾರಿಗೂ ಪುರುಸೊತ್ತು ಇರುವುದಿಲ್ಲ. ನಾನು ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನಲ್ಲಿ, ಮಾಡುತ್ತೇನೆ. ಮದುವೆ ಇಲ್ಲ, ನೇಮ ಇಲ್ಲ, ಕಂಬಳ ಇಲ್ಲ, ಹೊರಗೆ ಜೋರು ಮಳೆ, ಎಲ್ಲರೂ ಸೀಟಿನಲ್ಲೇ ಇರುತ್ತಾರೆ. ಕಳೆದ ಸಲ ಪಟ್ಟಿಯ ಮೊದಲ ಹೆಸರು ಗುಡಿಸುವ ಅಕ್ಕನದ್ದು ಬರೆದೆ. ಪೂರ್ತಿ ಹೆಸರು ಗೊತ್ತಿರಲಿಲ್ಲ, ಕೇಳಿ ಬರಬೇಕಾಯಿತು.